ಅಳಿಸಿದ ಮಾತು

ಯಾರು ಬೇಕಾದರೂ ತಿದ್ದಬಹುದಾದ ಒಂದು ಉಚಿತ ತಂತ್ರಾಂಶದ ಆನ್‌ಲೈನ್ ಚರ್ಚೆಯಲ್ಲಿ ಜಗಳ ಹತ್ತಿಕೊಳ್ಳದಂತೆ ಕಾಯುವುದು ಸೊಸೆಯ ಕೆಲಸ. ಎದುರಿಗೇ ನಿಂತು ಹೀಗಂದರೆ ಹೇಗಿರುತ್ತದೆ ಎಂದು ತಿಳಿಯಲು ಖಾರದ ಮಾತನ್ನೆಲ್ಲ ಅವಳು ಒಮ್ಮೆ ಗಟ್ಟಿಯಾಗಿ ಓದುವಳು, ಚುಚ್ಚಿದರೆ ಅಳಿಸಿಬಿಡುವಳು.

“ಕೈಲಾಗದವನಿಗೆ ಇಲ್ಲೇನು ಕೆಲಸ? ಜಾಗ ಖಾಲಿ ಮಾಡು!”

ಥೂ, ಅದೆಂಥ ನಾಲಿಗೆ! ಅಳಿಸಿದಳು.

ಪಕ್ಕದ ಕೋಣೆಯಲ್ಲಿ ಮಾವ ಇದ್ದಾರೋ ಇಲ್ಲವೋ ಅನ್ನುವಷ್ಟು ಸದ್ದಡಗಿ ಎಷ್ಟೋ ದಿನವಾಗಿತ್ತು. ಕೆಮ್ಮನ್ನೂ ಟವೆಲಿನಲ್ಲಿ ಅದುಮಿಕೊಳ್ಳುತ್ತಿದ್ದರು. ಒಮ್ಮೊಮ್ಮೆ ಬಾಗಿಲ ಸಂದಿಯಲ್ಲಿ ನೆರಳೊಂದು ನಿಂತು, ಅವಳು ತಿರುಗುವಷ್ಟರಲ್ಲಿ ಸರಿದುಹೋಗುತ್ತಿತ್ತು.

ಇವತ್ತು ನೆರಳು ಸರಿಯಲಿಲ್ಲ. ಮಾವ ಚೀಲ ಹಿಡಿದು ಹೊಸ್ತಿಲಲ್ಲಿ ನಿಂತಿದ್ದರು.

“ಖಾಲಿ ಮಾಡ್ತೀನಮ್ಮ. ದಿನಾ ಹೇಳಿಸ್ಕೊಳ್ಳೋಕೆ ಆಗ್ತಿಲ್ಲ.”

ಅವಳು ದಡಬಡಿಸಿ ಎದ್ದಳು. “ಅಯ್ಯೋ ಮಾವ, ಅದು ನಿಮಗಲ್ಲ! ಇವರೆಲ್ಲ ಒಬ್ಬರಿಗೊಬ್ಬರು ಬೈಕೊಂಡಿದ್ದನ್ನ ನಾನು ಓದ್ತಿದ್ದೆ. ಬನ್ನಿ, ನೀವೇ ನೋಡಿ,” ಎಂದು ಪರದೆಯನ್ನು ಅವರತ್ತ ತಿರುಗಿಸಿದಳು.

ಮಾವ ಚೀಲ ಕೆಳಗಿಟ್ಟು, ಕನ್ನಡಕ ಏರಿಸಿಕೊಂಡು, ಮೇಲಿನಿಂದ ಕೆಳಗಿನವರೆಗೆ ಓದಿದರು. ಒಂದೇ ಒಂದು ಕೆಟ್ಟ ಮಾತನ್ನೂ ಅವಳು ಉಳಿಸಿರಲಿಲ್ಲ.

“ಎಷ್ಟು ಮರ್ಯಾದೆಯಿಂದ ಮಾತಾಡ್ತಾರಮ್ಮ ಇವರು,” ಎಂದು ಮಾವ ಚೀಲ ಎತ್ತಿಕೊಂಡರು.