ಖಾಲಿ ಕಾರ್ಡ್ ಕೊಡದ ಅಂಗಡಿ

ಮೇಲ್‌ನ ಮೊದಲ ಸಾಲು ಓದಿದ್ದೇ ಮೊಬೈಲನ್ನು ಟೇಬಲ್ಲಿಗೆ ಕುಕ್ಕಿದೆ. ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟ ನಾನು, ಮದ್ದೂರಿನ ಈ ರಿಪೇರಿ ಅಂಗಡಿಯಲ್ಲಿ ಕೂತು ಎರಡು ವರ್ಷ ಬರೆದ ಎಮ್ಯುಲೇಟರ್ ಬಗ್ಗೆ ಬಂದ ಮೇಲ್ ಅದು. ಹಳೇ ಗೇಮ್ ಮಷೀನು ಮಾಡುತ್ತಿದ್ದ ಕೆಲಸವನ್ನೆಲ್ಲ ಮೊಬೈಲಿನಲ್ಲೇ ಮಾಡುವ ಪ್ರೋಗ್ರಾಂ. ಕೋಡ್ ಹಂಚುವ ಸೈಟಿಗೆ ಹಾಕಿದ್ದೆ. ಯಾವ್ಯಾವುದೋ ದೇಶದವರು ಇಳಿಸಿಕೊಳ್ಳುತ್ತಿದ್ದರು. ಈಗ ಆ ಸೈಟಿನವರಿಗೆ ಗೇಮ್ ಕಂಪನಿ ದೂರು ಕೊಟ್ಟಿದೆ: ಕಾಪಿರೈಟ್ ಉಲ್ಲಂಘನೆ. ನಾಳೆ ಸಂಜೆಯೊಳಗೆ ಸರಿಪಡಿಸದಿದ್ದರೆ ನನ್ನ ಪುಟವೇ ಬಂದ್!

"ಕಳ್ಳ ಅಂತವ್ರೆ ಕಣಮ್ಮ ರುಕ್ಸಾರ್, ನನ್ನ! ಒಂದೊಂದು ಸಾಲೂ ನಾನೇ ಬರ್ದಿದ್ದು. ಕೊಡ್ತೀನಿ ನೋಡು ಉತ್ತರ, ಮಕಕ್ಕೆ ಒಡ್ದಂಗೆ!"

ಪಕ್ಕದ ಜೆರಾಕ್ಸ್ ಅಂಗಡಿಯ ರುಕ್ಸಾರ್ ಮಂಡ್ಯದಲ್ಲಿ ಕಾನೂನು ಓದುವವಳು. ಮೊಬೈಲ್ ಕಿತ್ತುಕೊಂಡಳು.

"ಪೂರ್ತಿ ಓದ್ದ್ಯಾ ಚಲುವಣ್ಣ?"

"ಒಂದು ಸಾಲೇ ಸಾಕು!"

"ಸಾಕಾಗಕ್ಕಿಲ್ಲ. ನಿನ್ನ ಎಮ್ಯುಲೇಟರ್ ತಂಟೆಗೆ ಯಾರೂ ಬಂದಿಲ್ಲ. ಸ್ವಂತ ಬರ್ದಿರೋ ಕೋಡು ನಿಂದೇ. ಆದ್ರೆ ಮೂರು ಫೈಲ್ ಎಸ್ರು ಕೊಟ್ಟವ್ರಲ್ಲ, ಏನಿವು?"

ನಾಲಿಗೆ ಕಚ್ಚಿಕೊಂಡೆ. ಆ ಕಂಪನಿಯದೇ ಮೂರು ಆಟ. ನಮ್ಮ ಅಂಗಡಿಯಲ್ಲಿ ಮೊಬೈಲಿನ ಮೆಮೊರಿ ಕಾರ್ಡನ್ನು ಖಾಲಿ ಕೊಟ್ಟ ದಿನವೇ ಇಲ್ಲ, ಹಾಡೋ ಸಿನಿಮಾವೋ ಏನಾದರೂ ತುಂಬಿಯೇ ಕೊಡುವುದು. ಅದೇ ಅಭ್ಯಾಸದಲ್ಲಿ ಎಮ್ಯುಲೇಟರ್ ಜೊತೆಗೂ ಆಟ ಇಟ್ಟುಬಿಟ್ಟಿದ್ದೆ.

"ಬಂದೋರ್ಗೆ ಬರೀ ಎಲೆ ಆಕಿ ಕಳಿಸಕ್ಕಾಯ್ತದಾ?"

"ಊಟ ನಿಂದಾಗಿದ್ರೆ ಬಡಿಸು. ಪಕ್ಕದ್ಮನೆ ಪಾತ್ರೆ ಎತ್ಕಬಂದು ಬಡಿಸಿದ್ದೀಯಲ್ಲ!"

ಸಿಟ್ಟು ಹೋಗಲಿಲ್ಲ, ನನ್ನ ಕಡೆಗೇ ತಿರುಗಿತು. ಅಳಿಸಿದರೂ ಆ ಫೈಲುಗಳು ಸೈಟು ಉಳಿಸಿಟ್ಟುಕೊಳ್ಳುವ ಹಳೇ ಆವೃತ್ತಿಗಳಲ್ಲಿ ಅಡಗಿರುತ್ತವೆ. ಊಟ ಮರೆತು, ಎರಡು ವರ್ಷದ ಇತಿಹಾಸವನ್ನೆಲ್ಲ ಜಾಲಾಡಿ ಒಂದೂ ಉಳಿಯದಂತೆ ಕಿತ್ತು ಹಾಕಿ, ಸೈಟಿನವರಿಗೆ ಬರೆದೆ. ಮರುದಿನ ಮಧ್ಯಾಹ್ನ ಉತ್ತರ ಬಂತು: ಪುಟ ಇರುತ್ತದೆ!

ರಸ್ತೆಗೇ ಕೇಳುವಂತೆ ಕೂಗಿದೆ. ಆದರೆ ಎಮ್ಯುಲೇಟರ್ ತೆರೆದರೆ ಕಪ್ಪು ಪರದೆ. ಖಾಲಿ! ಮನಸ್ಸು ತಡೆಯಲಿಲ್ಲ. ಹದಿನೈದು ದಿನ ಕೂತು ಒಂದು ಆಟ ಬರೆದೇಬಿಟ್ಟೆ: ಕಬ್ಬಿನ ಗಾಡಿ ಆಲೆಮನೆಗೆ ಹೊರಟಿದೆ, ಹಿಂದಿನಿಂದ ಹುಡುಗರು ಜಲ್ಲೆ ಎಳೆಯುತ್ತಾರೆ, ತಪ್ಪಿಸಿಕೊಂಡು ಓಡಿಸಬೇಕು.

ಆಟ ಮುಗಿಸಿದ ದಿನವೇ ಸೋಮನಹಳ್ಳಿಯ ಮುದ್ದಯ್ಯಣ್ಣ ಕಾರ್ಡ್ ಕೊಳ್ಳಲು ಬಂದ. "ಖಾಲಿ ಕೊಡ್ತಿದ್ದೀಯೇನ್ಲಾ?"

"ಉಂಟಾ ಕಣಣ್ಣ? ಆಟ ತುಂಬಿವ್ನಿ."

"ಯಾರ್ದ್ಲಾ ಆಟ?"

"ನಂದೇ!" ಎಂದೆ.

ರುಕ್ಸಾರ್ ಜೆರಾಕ್ಸ್ ನಿಲ್ಲಿಸಿ ಕೂಗಿದಳು: "ನನ್ ಮೊಬೈಲ್ಗೂ ಆಕಣ್ಣ, ಮೊದ್ಲು ನಾನು!"