ಸೂಚಕರು: ಅಕ್ಕುತಾಯಿ ಕಾಂಬಳೆ

ಅಕ್ಕುತಾಯಿ ಕಾಂಬಳೆಗೆ ಬರೆಯಲು ಬರುತ್ತಿದ್ದುದು ತನ್ನ ಹೆಸರೊಂದೇ. ಅದನ್ನು ಮಾತ್ರ ಆಕೆ ಚೆಂದ ಬರೆಯುತ್ತಿದ್ದಳು. ಹನ್ನೆರಡು ವರ್ಷದ ಹಿಂದೆ ಕೆಂಚನವಾಡಿಯ ಮೀಸಲು ಸೀಟಿನಿಂದ ಮೊದಲ ಸಲ ಬಸ್ತಿಹಾಳ ಗ್ರಾಮ ಪಂಚಾಯಿತಿಗೆ ಆರಿಸಿ ಬಂದಾಗ, ಗಿರಿಜವ್ವ ತಮ್ಮ ದನದ ಕೊಟ್ಟಿಗೆಯ ಕಟ್ಟೆಯ ಮೇಲೆ ಕೂರಿಸಿಕೊಂಡು, ಪಾಟಿಯ ಮೇಲೆ ಬಳಪ ಹಿಡಿಸಿ, ಎಂಟು ದಿನ ತಿದ್ದಿಸಿದ್ದಳು. "ಮೆಂಬರ ಆದಾಕಿ ಹೆಬ್ಬೆಟ್ಟ ಒತ್ತಿದ್ರ ಮಂದಿ ನಗ್ತಾರ ನೋಡ," ಅಂದಿದ್ದಳು. ಗಿರಿಜವ್ವನ ಗಂಡನೇ ಅಣ್ಣಾಸಾಬರು. ಅಧ್ಯಕ್ಷಗಿರಿ ಮೀಸಲಾತಿಯಲ್ಲಿ ಯಾರ ಪಾಲಿಗೇ ಬರಲಿ, ಪಂಚಾಯಿತಿ ನಡೆಯುತ್ತಿದ್ದುದು ಅವರ ಪಡಸಾಲೆಯಿಂದ. ಈ ಸಲವಂತೂ ಅವರೇ ಅಧ್ಯಕ್ಷರು.

ಬಸ್ತಿಹಾಳ ಪಂಚಾಯಿತಿಗೆ ಒಂದು ಪದ್ಧತಿ ಇತ್ತು. ಸಭೆ ಅಂದರೆ ಮೊದಲು ಮಿರ್ಚಿ ಭಜಿ, ಆಮೇಲೆ ಚಹಾ, ಆಮೇಲೆ ಠರಾವು ಪುಸ್ತಕ. ಪುಸ್ತಕದ ಹಾಳೆ ಖಾಲಿಯೇ ಇರುತ್ತಿತ್ತು. ಮೆಂಬರುಗಳು ಅದರ ಕೆಳಗೆ ಸಾಲಾಗಿ ಸಹಿ ಮಾಡಿ ಮನೆಗೆ ಹೋಗುವುದು, ಮೇಲಿನ ಠರಾವನ್ನು ಕಚೇರಿಯವರು ಪುರುಸೊತ್ತಿನಲ್ಲಿ ಬರೆದುಕೊಳ್ಳುವುದು. ಓದು ಬಂದ ಮೆಂಬರುಗಳೂ ಹಾಗೇ ಮಾಡುತ್ತಿದ್ದರು. ಹೊಲದಲ್ಲಿ ನೀರು ಬಿಟ್ಟು ಬಂದವರಿಗೆ ಬರೆಯುವುದನ್ನು ಕಾಯುತ್ತ ಕೂರಲು ತಾಳ್ಮೆ ಎಲ್ಲಿ? ಅಕ್ಕುತಾಯಿಯ ಗಂಡ ರಾಜಾರಾಮ ಒಬ್ಬನೇ ಗೊಣಗುತ್ತಿದ್ದ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜವಾನನಾಗಿದ್ದವನು, ಕಾಗದದ ಗುಣ ಬಲ್ಲವನು.

"ಖಾಲಿ ಹಾಳಿಗೆ ಸಹಿ ಮಾಡಬ್ಯಾಡ ಅಂತ ನಾ ಎಷ್ಟ ಸಲ ಹೇಳ್ಬೇಕ?"

"ಅಣ್ಣಾರ ಇದ್ದಾರಲ್ರಿ," ಅನ್ನುತ್ತಿದ್ದಳು ಅಕ್ಕುತಾಯಿ. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಹಾಗೆ ನಂಬಲು ಕಾರಣವೂ ಇತ್ತು ಅನ್ನಿ. ವಾಡಿಗೆ ನೀರಿನ ಟಾಕಿ ಬಂದದ್ದು ಅಣ್ಣಾಸಾಬರ ಕಾಲದಲ್ಲಿ. ಬುದ್ಧವಿಹಾರಕ್ಕೆ ತಗಡು ಹೊದೆಸಿದ್ದು ಅವರು. ಉದ್ಯೋಗ ಖಾತ್ರಿ ಕೆಲಸವನ್ನು ತಪ್ಪದೆ ಹಾಕಿಸಿಕೊಟ್ಟವರೂ ಅವರೇ. ಈ ಕೊನೆಯದು ವಾಡಿಯ ಹೆಣ್ಣುಮಕ್ಕಳಿಗೆ ಟಾಕಿಗಿಂತ ದೊಡ್ಡದು. ಕಬ್ಬಿನ ಹಂಗಾಮು ಮುಗಿದು ಬೇಸಿಗೆ ಬಿತ್ತೆಂದರೆ ಮೊದಲೆಲ್ಲ ಅವರು ಹೊಲವಿದ್ದ ಒಕ್ಕಲಿಗರ ಬಾಗಿಲಲ್ಲಿ ನಿಲ್ಲಬೇಕಿತ್ತು, ಅವರು ಕೊಟ್ಟಷ್ಟೇ ಕೂಲಿ, ಕರೆದರಷ್ಟೇ ಕೆಲಸ. ಖಾತ್ರಿ ಬಂದ ಮೇಲೆ ಕೆರೆಯ ಹೂಳು ತೆಗೆದು, ಬದು ಹಾಕಿ, ಗಂಡಸರ ಸಮಸಮ ಕೂಲಿ ಎಣಿಸಿಕೊಂಡರು. ನೀಲಮ ಎಂಬ ಗಟ್ಟಿ ಬಾಯಿಯ ಹೆಣ್ಣುಮಗಳು ಅವರ ತಂಡದ ಮುಂದಾಳು. "ಈಗ ಅವರ ಬಂದ ನಮ್ಮ ಬಾಗಿಲಿಗಿ ನಿಂದರ್ತಾರ," ಎಂದು ಆಕೆ ಸಲಿಕೆ ಊರಿ ನಗುತ್ತಿದ್ದಳು.

ದೀಪಾವಳಿ ಕಳೆದ ವಾರ ಪಂಚಾಯಿತಿಯ ಗೋಡೆಗೆ ಒಂದು ಕಾಗದ ಅಂಟಿಸಿದರು. ಬಸ್ತಿಹಾಳ, ಕೆಂಚನವಾಡಿ ಎರಡನ್ನೂ ಕೂಡಿಸಿ ಪಟ್ಟಣ ಪಂಚಾಯಿತಿ ಮಾಡುವ ಕರಡು ಅಧಿಸೂಚನೆ. ತಕರಾರು ಇದ್ದವರು ಮೂವತ್ತು ದಿನದೊಳಗೆ ಬರೆದು ಕೊಡಬೇಕು. ರಾಜಾರಾಮ ಕನ್ನಡಕ ಏರಿಸಿ ಓದಿ, ಮನೆಗೆ ಬಂದು, ಬಾಬಾಸಾಹೇಬರ ಫೋಟೋದ ಕೆಳಗೆ ಕೂತು ಹೆಂಡತಿಗೆ ತಿಳಿಸಿ ಹೇಳಿದ.

"ಊರು ಪಟ್ಟಣ ಆತು ಅಂದ್ರ ಖಾತ್ರಿ ಕೆಲಸ ಬಂದ್. ಅದು ಹಳ್ಳಿಗಷ್ಟ ಐತಿ. ಆದ್ರ ಸುಮ್ ಸುಮ್ನ ಪಟ್ಟಣ ಮಾಡಾಕ ಬರೂದಿಲ್ಲ. ಸಂವಿಧಾನದಾಗ ಬರದಾರ, ಎಷ್ಟ ಮಂದಿ ಅದಾರ, ಒಕ್ಕಲತನ ಬಿಟ್ಟ ಬ್ಯಾರೆ ಉದ್ಯೋಗ ಎಷ್ಟ ಮಂದಿಗಿ ಐತಿ, ಇದನ್ನೆಲ್ಲಾ ನೋಡಿ ರಾಜ್ಯಪಾಲರು ಹೊರಡಸಬೇಕು. ನಮ್ಮ ವಾಡ್ಯಾಗ ಹೊಲದ ಕೆಲಸ ಬಿಟ್ಟ ಬದಕೂ ಮನಿ ಒಂದ ತೋರಸು."

ಅಕ್ಕುತಾಯಿ ಸೀದಾ ಅಣ್ಣಾಸಾಬರ ಪಡಸಾಲೆಗೆ ಹೋದಳು. ಅವರು ಎದ್ದು ನಿಂತೇ ಮಾತಾಡಿದರು.

"ನಿನಗಿಂತ ನನಗ ಹೆಚ್ಚ ಸಂಕಟ ಆಗೈತಿ, ತಂಗಿ. ಮ್ಯಾಲಿಂದ ಬಂದೈತಿ ಇದು. ನೀ ತಕರಾರ ಅರ್ಜಿ ಹಾಕು, ವಾಡಿ ಮಂದಿದೆಲ್ಲಾ ಸಹಿ ಹಾಕಸು. ನಾ ನಿನ್ನ ಹಿಂದ ಅದೇನಿ."

ಅಕ್ಕುತಾಯಿಗೆ ಕಣ್ಣು ತುಂಬಿ ಬಂತು. ಹನ್ನೊಂದು ದಿನ ಆಕೆ ವಾಡಿಯ ಒಂದೊಂದು ಬಾಗಿಲೂ ತಟ್ಟಿದಳು. ಕಬ್ಬು ಕಡಿಯುವಲ್ಲಿಗೆ ಹೋಗಿ, ಗದ್ದೆಯ ಬದುವಿನ ಮೇಲೆ ಕಾಗದ ಹಾಸಿ ಸಹಿ ಹಾಕಿಸಿದಳು. ಇನ್ನೂರ ಹನ್ನೆರಡು ಮನೆ, ಒಂದೂ ಬಿಡಲಿಲ್ಲ. "ಮೆಂಬರ್ ಬಾಯಿ ಹೇಳಿದ ಮ್ಯಾಲ ಮುಗೀತ," ಎಂದು ನೀಲಮ ಎಲ್ಲರಿಗಿಂತ ಮೊದಲು ಬರೆದುಕೊಟ್ಟಳು.

ಚಿಕ್ಕೋಡಿಯಲ್ಲಿ ತಕರಾರುಗಳ ವಿಚಾರಣೆ ಎಂದು ನೋಟಿಸು ಬಂದಾಗ ಅಣ್ಣಾಸಾಬರು ತಮ್ಮ ಕ್ರೂಸರ್ ಗಾಡಿಯನ್ನೇ ಕಳಿಸಿಕೊಟ್ಟರು. ತಮಗೆ ರಾಯಬಾಗದಲ್ಲಿ ಕೆಲಸವಿದೆ, ಬರಲಾಗುವುದಿಲ್ಲ ಅಂದರು. ಗಿರಿಜವ್ವ ಅಕ್ಕುತಾಯಿಯ ಜೊತೆ ಹೊರಟ ಹನ್ನೊಂದು ಹೆಣ್ಣುಮಕ್ಕಳಿಗೂ ಸಾಲುವಷ್ಟು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೊಟ್ಟಿದ್ದಳು. ಗಾಡಿಯೊಳಗೆ ನೀಲಮ ಹಾಡು ಹೇಳಿದಳು. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು ಅಡ್ಡ ಬಂದು ತಡವಾಯಿತಾದರೂ ಯಾರೂ ಬೇಸರಿಸಲಿಲ್ಲ.

ವಿಚಾರಣೆಗೆ ಕೂತ ಅಧಿಕಾರಿ ಒಳ್ಳೆಯ ಮನುಷ್ಯ, ನಡುವಯಸ್ಸಿನವರು. ಹೆಣ್ಣುಮಕ್ಕಳನ್ನೆಲ್ಲ ಒಳಗೆ ಕರೆದು, ಕುರ್ಚಿ ತರಿಸಿ ಕೂರಿಸಿದರು. ಅಕ್ಕುತಾಯಿ ನಿಂತುಕೊಂಡೇ ಹೇಳಿದಳು.

"ಸಾಹೇಬ್ರ, ನಾವು ಕಬ್ಬ ಕಡಿಯೂ ಮಂದಿ. ನಮ್ಮದ ಪಟ್ಟಣ ಅಲ್ರಿ. ನಮ್ಮ ವಾಡಿ ಬಿಟ್ಟ ಬಸ್ತಿಹಾಳ ಅಷ್ಟ ಪಟ್ಟಣ ಮಾಡ್ಕೋರ್ರಿ, ನಾವ್ ಬ್ಯಾಡ ಅನ್ನೂದಿಲ್ಲ."

ಅಧಿಕಾರಿ ಕಡತ ತಿರುವಿದರು. "ಪಟ್ಟಣ ಪಂಚಾಯಿತಿಗೆ ಹತ್ತು ಸಾವಿರ ಜನ ಬೇಕಮ್ಮ. ಬಸ್ತಿಹಾಳದಲ್ಲಿ ಎಂಟು ಸಾವಿರದ ಒಂಬೈನೂರು. ನಿಮ್ಮ ವಾಡಿಯ ಸಾವಿರದ ಮುನ್ನೂರು ಸೇರಿದರೆ ಮಾತ್ರ ತುಂಬುತ್ತದೆ." ಮತ್ತೆ ಒಂದು ಹಾಳೆ ತಿರುವಿದರು. "ಮತ್ತೆ ವಾಡಿಯಲ್ಲಿ ಹೆಚ್ಚಿನವರು ಹೊಲಿಗೆ, ಸಣ್ಣ ವ್ಯಾಪಾರ ಮಾಡುತ್ತಾರೆ, ಹೊಲದ ಕೆಲಸದಲ್ಲಿಲ್ಲ ಎಂದು ಪಂಚಾಯಿತಿಯೇ ಬರೆದು ಕೊಟ್ಟಿದೆಯಲ್ಲ?"

ನೀಲಮ ತನ್ನ ಎರಡೂ ಅಂಗೈ ಮುಂದೆ ಹಿಡಿದಳು. ಕಬ್ಬಿನ ರವದಿಯ ಒಣಗರಿ ಗೀಚಿದ ಗೆರೆಗಳು ಮೊಣಕೈತನಕ ಇದ್ದವು. "ಇದು ಯಾವ ಹೊಲಿಗಿ ಮಿಷನ್ನಿಂದ ಆಗಿದ್ದ, ನೀವ ಹೇಳ್ರಿ ಸಾಹೇಬ್ರ. ಯಾವ ಹರಾಮಖೋರ ಬರದಾನ ಅದನ್ನ?"

ಅಧಿಕಾರಿ ಆ ಕೈಗಳನ್ನು ನೋಡಿದರು. ಅಕ್ಕುತಾಯಿಯ ಮುಖವನ್ನೂ ನೋಡಿದರು. ಅವರಿಗೂ ಹೇಳಲು ಕಷ್ಟವಾದಂತಿತ್ತು.

"ಶ್ರಾವಣದಲ್ಲಿ ನಡೆದ ಸಭೆಯ ಠರಾವು ಇದು. ಕೆಂಚನವಾಡಿಯನ್ನು ಸೇರಿಸಿ ಪಟ್ಟಣ ಪಂಚಾಯಿತಿ ಮಾಡಬೇಕೆಂದು ಸರ್ವಾನುಮತದಿಂದ ಕೇಳಿಕೊಂಡಿದ್ದಾರೆ. ಉದ್ಯೋಗದ ಪಟ್ಟಿ ಇದರ ಜೊತೆಗೇ ಇದೆ." ಅವರು ಪುಟದ ಕೆಳಗೆ ಬೆರಳಿಟ್ಟು ಓದಿದರು. "ಸೂಚಕರು, ಅಕ್ಕುತಾಯಿ ರಾಜಾರಾಮ ಕಾಂಬಳೆ. ಅಂದರೆ ಈ ಮಾತನ್ನು ಸಭೆಯ ಮುಂದೆ ಇಟ್ಟವರು ನೀವೇ. ಇದು ನಿಮ್ಮ ಸಹಿಯೇ ಏನಮ್ಮ?"

ಅವರು ಹಾಳೆಯನ್ನು ಈ ಕಡೆ ತಿರುಗಿಸಿದರು. ಆ ಅಕ್ಷರಗಳು ಆಕೆಯವೇ. 'ಕ್ಕು'ವಿನ ಕೊಂಬನ್ನು ಸ್ವಲ್ಪ ಉದ್ದ ಎಳೆಯುವುದನ್ನು ಗಿರಿಜವ್ವನಿಂದಲೇ ಕಲಿತದ್ದು. ಶ್ರಾವಣದ ಆ ಸಭೆ ನೆನಪಿಗೆ ಬಂತು. ವಾಡಿಯ ಗಟಾರದ ಬಗ್ಗೆ ತಾನು ಎದ್ದು ಮಾತಾಡಿದ್ದು, ಅಣ್ಣಾಸಾಬರು ಭೇಷ್ ಅಂದದ್ದು, ಭಜಿ ಬಿಸಿಯಿದ್ದದ್ದು, ಪುಸ್ತಕ ಮುಂದೆ ಬಂದದ್ದು. ಗಟಾರದ ಠರಾವೇ ಬರೆಯುತ್ತಾರೆಂದು ಎಷ್ಟು ಹಿಗ್ಗಿನಿಂದ ಸಹಿ ಮಾಡಿದ್ದಳು! ಅಲ್ಲ ಅನ್ನಬಹುದಿತ್ತು. ಆದರೆ ಆಕೆಗೆ ಸುಳ್ಳು ಹೇಳಲು ಯಾರೂ ಕಲಿಸಿರಲಿಲ್ಲ.

"ಹೌದ್ರಿ, ನಂದ," ಅಂದಳು. "ಆದ್ರ ನಾ ಮಾಡಿದಾಗ ಹಾಳಿ ಖಾಲಿ ಇತ್ರಿ."

ಖಾಲಿ ಇತ್ತು ಅನ್ನುವುದನ್ನು ಅಧಿಕಾರಿ ಬರೆದುಕೊಂಡರು. ಅದಕ್ಕೆ ಸಾಕ್ಷಿ ಯಾರು ಎಂದು ಕೇಳಿದರು. ಸಾಕ್ಷಿ ಹೇಳಬೇಕಾದ ಉಳಿದ ಮೆಂಬರುಗಳ ಸಹಿಗಳು ಅದೇ ಹಾಳೆಯಲ್ಲಿ ಸಾಲಾಗಿ ಕೂತಿದ್ದವು.

ಹೊರಗೆ ಬಂದು ಗಾಡಿಯ ಬಳಿ ನಿಂತು ನೀಲಮ ಕೇಳಿದಳು. "ಹನ್ನೊಂದ ದಿನ ನಮ್ಮ ಬಾಗಿಲ ತಟ್ಟಿದೆಲ್ಲಾ ಬಾಯಿ, ಆಗ ನಿಂಗ ಗೊತ್ತಿತ್ತೋ ಇಲ್ಲೋ?"

"ಬುದ್ಧನ ಆಣಿ, ಗೊತ್ತಿರಲಿಲ್ಲ."

"ಹಂಗಾರ ಹನ್ನೆರಡ ವರ್ಸ ಅಲ್ಲಿ ಹೋಗಿ ಏನ ಮಾಡಿದಿ? ಭಜಿ ತಿಂದ ಬಂದ್ಯಾ?"

ಕಬ್ಬು ಕಡಿಯುವ ಕುಡುಗೋಲೂ ಆ ಮಾತಿನಷ್ಟು ಆಳ ಇಳಿಯುವುದಿಲ್ಲ. ಅಣ್ಣಾಸಾಬರ ಗಾಡಿ ನಮಗೆ ಬೇಡ ಎಂದು ಹೇಳಿ ಹೆಣ್ಣುಮಕ್ಕಳು ಬಸ್ ಸ್ಟ್ಯಾಂಡಿನ ಕಡೆ ನಡೆದರು. ಅಕ್ಕುತಾಯಿ ಎರಡು ಹೆಜ್ಜೆ ಹಿಂಬಾಲಿಸಿದಳು. ಯಾರೂ ತಿರುಗಿ ನೋಡಲಿಲ್ಲ. ಕೊನೆಗೆ ಹನ್ನೆರಡು ಮಂದಿ ತುಂಬಿ ಬಂದ ಗಾಡಿಯಲ್ಲಿ, ಬಿಚ್ಚದ ರೊಟ್ಟಿಯ ಗಂಟಿನ ಜೊತೆ, ಅಕ್ಕುತಾಯಿ ಒಬ್ಬಳೇ ಊರಿಗೆ ಬಂದಳು.

ಇಲ್ಲಿಂದ ಮುಂದೆ ಆ ಮನುಷ್ಯನಿಗೆ ಬಹುವಚನ ಹಚ್ಚಲು ನನಗೆ ಮನಸ್ಸಿಲ್ಲ. ಅಣ್ಣಾಸಾಬ ಪಡಸಾಲೆಯಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದ. ಅಕ್ಕುತಾಯಿ ರೊಟ್ಟಿಯ ಗಂಟನ್ನು ಮೆಟ್ಟಿಲ ಮೇಲಿಟ್ಟು, ಒಳಗೆ ಹೋಗದೆ ಅಂಗಳದಲ್ಲೇ ನಿಂತಳು.

"ನನ್ನ ಹೆಸರ ಯಾಕ ಹಾಕಿದ್ರಿ?"

ಅವನು ಸುಳ್ಳು ಹೇಳಲಿಲ್ಲ. ಹೇಳಿದ್ದರೆ ವಾಸಿಯಿತ್ತು. "ಊರು ಬೆಳೀಬೇಕಲ್ಲ ತಂಗಿ. ರಾಯಬಾಗ ರಸ್ತಾದ ಮ್ಯಾಲಿನ ನಮ್ಮ ಹೊಲ ಇನ್ನ ಎಷ್ಟ ವರ್ಸ ಕಬ್ಬ ಬೆಳೀಬೇಕ? ಪ್ಲಾಟ್ ಆಗ್ತಾವ, ಅಂಗಡಿ ಬರ್ತಾವ, ನಿಮ್ಮ ಹುಡುಗೂರಿಗೂ ಕೆಲಸ ಸಿಗ್ತೈತಿ. ಬ್ಯಾರೆ ಯಾರರ ಸೂಚಕ ಆಗಿದ್ರ ವಾಡ್ಯಾವ್ರು ದಂಗೆ ಎಬ್ಬಸ್ತಿದ್ರು. ನಿನ್ನ ಹೆಸರ ಇತ್ತಂದ್ರ ಯಾರೂ ಬಾಯಿ ತಗಿಯೂದಿಲ್ಲ. ನಿನ್ನ ಮಾತಿಗಿ ಅಷ್ಟ ಕಿಮ್ಮತ್ತ ಐತಿ, ಅದಕ್ಕ ಹಾಕಿಸಿದೆ."

"ಮತ್ತ ಅರ್ಜಿ ಹಾಕು ಅಂತ ಎದಕ ಹೇಳಿದ್ರಿ? ಗಾಡಿ ಎದಕ ಕೊಟ್ರಿ?"

"ಬ್ಯಾಡ ಅಂದಿದ್ರ ನೀ ಕೇಳ್ತಿದ್ಯೇನ?"

ತನ್ನ ಮಾತಿಗೆ ಇಷ್ಟು ಬೆಲೆ ಇದೆ ಎಂದು ಆಕೆಗೆ ಗೊತ್ತಾದದ್ದು ಅದು ಮಾರಾಟವಾದ ದಿನ. ಗಿರಿಜವ್ವ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು. ಅಕ್ಕುತಾಯಿ ಅವಳತ್ತ ತಿರುಗಿದಳು.

"ವೈನಿ, ನಿಮಗೂ ಗೊತ್ತಿತ್ತೇನ್ರಿ?"

ಗಿರಿಜವ್ವ ಸೆರಗಿನಿಂದ ಕೈ ಒರೆಸಿಕೊಂಡಳು, ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡಳು. "ಚಾ ಕುಡದ ಹೋಗ ಅಕ್ಕೂ," ಅಂದಳು.

ಅಕ್ಕುತಾಯಿ ಚಹಾ ಕುಡಿಯಲಿಲ್ಲ. ಮನೆಗೆ ಬಂದಾಗ ರಾಜಾರಾಮ ಎಲ್ಲವನ್ನೂ ಕೇಳಿದ್ದನೆಂದು ಅವನ ಮುಖವೇ ಹೇಳಿತು. ನಾ ಹೇಳಿರಲಿಲ್ಲವೇ ಎಂದು ಅವನು ಅನ್ನಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರನ್ನು ಬೈಯುವುದು ಎಂದಷ್ಟೇ ಅಂದು, ತಂಬಿಗೆಯಲ್ಲಿ ನೀರು ತಂದು ಕೊಟ್ಟ. ಆಕೆ ನೀರು ಹಿಡಿದುಕೊಂಡು, ಅಲ್ಲಿಯವರೆಗೆ ತಡೆದಿದ್ದನ್ನೆಲ್ಲ ಅತ್ತಳು.

ಆಕೆಯ ಹೇಳಿಕೆ, ಇನ್ನೂರ ಹನ್ನೆರಡು ಮನೆಯ ಅರ್ಜಿ, ಅಧಿಕಾರಿಯ ವರದಿ ಎಲ್ಲ ಮೇಲೆ ಹೋದವು. ಮೂರು ತಿಂಗಳಿಗೆ ಅಂತಿಮ ಅಧಿಸೂಚನೆ ಬಂತು. ತಕರಾರುಗಳನ್ನು ಪರಿಶೀಲಿಸಲಾಗಿದೆ ಎಂದು ಅದರಲ್ಲಿ ಒಂದು ಸಾಲು ಇತ್ತು. ಕೆಂಚನವಾಡಿ ಬಸ್ತಿಹಾಳ ಪಟ್ಟಣದೊಳಗೆ ಸೇರಿತ್ತು. ಆ ಬೇಸಿಗೆ ನೀಲಮ ಮತ್ತೆ ಒಕ್ಕಲಿಗರ ಬಾಗಿಲಿಗೆ ಹೋಗಿ ನಿಂತಳು. ಟಾಕಿಯ ಬಳಿ ಅಕ್ಕುತಾಯಿ ಎದುರಾದರೆ ಕೊಡ ತುಂಬದಿದ್ದರೂ ಎತ್ತಿಕೊಂಡು ಹೋಗುತ್ತಿದ್ದಳು.

ಗ್ರಾಮ ಪಂಚಾಯಿತಿಯ ಕೊನೆಯ ಸಭೆ ಏಪ್ರಿಲ್‌ನಲ್ಲಿ ನಡೆಯಿತು. ಅದರ ಟೇಬಲ್ಲು, ಕಪಾಟು, ನೀರಿನ ಟಾಕಿ ಎಲ್ಲವನ್ನೂ ಪಟ್ಟಣ ಪಂಚಾಯಿತಿಗೆ ಒಪ್ಪಿಸುವ ಸಭೆ. ಭಜಿ ಬಂತು, ಚಹಾ ಬಂತು, ಪುಸ್ತಕ ಬಂತು. ಹಾಳೆ ಎಂದಿನಂತೆ ಖಾಲಿ. ಅಭಿವೃದ್ಧಿ ಅಧಿಕಾರಿ ಸುರಜ ಪೆನ್ನು ಮುಂದೆ ಹಿಡಿದ. ಅಕ್ಕುತಾಯಿ ಭಜಿಯನ್ನೂ ಮುಟ್ಟಲಿಲ್ಲ, ಪೆನ್ನನ್ನೂ ಮುಟ್ಟಲಿಲ್ಲ.

"ಇಂಕ್ ಪ್ಯಾಡ್ ತರ್ರಿ, ಸಾಹೇಬ್ರ. ನಂದ ಇನ್ನ ಮ್ಯಾಲ ಹೆಬ್ಬೆಟ್ಟ."

ಮೆಂಬರುಗಳು ನಕ್ಕರು. ಸುರಜ ನಗಲಿಲ್ಲ. ಹೆಬ್ಬೆಟ್ಟಿನ ಕಾಯಿದೆ ಅವನಿಗೆ ಗೊತ್ತಿತ್ತು, ಅಕ್ಕುತಾಯಿಗೂ ರಾಜಾರಾಮ ತಿಳಿಸಿ ಹೇಳಿದ್ದ. ಹೆಬ್ಬೆಟ್ಟು ಒತ್ತುವವರಿಗೆ ಬರೆದದ್ದನ್ನು ಮೊದಲು ಓದಿ ಹೇಳಬೇಕು, ಓದಿ ಹೇಳಿದೆನೆಂದು ಓದಿದವನು ಪಕ್ಕದಲ್ಲಿ ಸಹಿ ಮಾಡಬೇಕು. ಖಾಲಿ ಹಾಳೆಯನ್ನು ಓದಿ ಹೇಳಲು ಯಾವ ಪಂಡಿತನಿಗೂ ಬರುವುದಿಲ್ಲ. ಸುರಜ ಕೂತು ಠರಾವು ಬರೆದ. ಮುಕ್ಕಾಲು ತಾಸು ಹಿಡಿಯಿತು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಎಲ್ಲ ಮೆಂಬರುಗಳೂ, ಭಜಿ ಆರಿ ತಣ್ಣಗಾಗುತ್ತಿರಲು, ತಾವು ಏನಕ್ಕೆ ಒಪ್ಪುತ್ತಿದ್ದೇವೆ ಎಂಬುದನ್ನು ಕೂತು ಕೇಳಿದರು. ಅಕ್ಕುತಾಯಿ ಇನ್ನೊಂದು ಸಲ ಓದಿಸಿದಳು.

"ಇದೆಲ್ಲಾ ಯಾಕ ಬೇಕಿತ್ತ ಈಗ?" ಅಂದ ಅಣ್ಣಾಸಾಬ, ಗಡಿಯಾರ ನೋಡುತ್ತ. "ನಿಂಗ ಸಹಿ ಮಾಡಾಕ ಬರ್ತೈತೆಲ್ಲಾ?"

ಅಕ್ಕುತಾಯಿ ಎಡಗೈ ಹೆಬ್ಬೆರಳನ್ನು ಮಸಿಗೆ ಅದ್ದಿ, ಸುರಜನ ಸಹಿಯ ಪಕ್ಕದಲ್ಲಿ ಗಟ್ಟಿಯಾಗಿ ಒತ್ತಿದಳು.

"ಬರ್ತಿತ್ರಿ," ಅಂದಳು. ಉಳಿದ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು, ಚಪ್ಪಲಿ ಮೆಟ್ಟಿ, ವಾಡಿಯ ದಾರಿ ಹಿಡಿದಳು.