ಸಹಿ ಹಾಕಿಟ್ಟ ಚೀಟಿ

ಶವದ ತಂಪುಪೆಟ್ಟಿಗೆಯ ಗಾಜಿನ ಮುಚ್ಚಳವನ್ನು ನಾಲ್ವರು ಹಿಡಿದು ಇಳಿಸುತ್ತಿದ್ದಾಗ ಹಳೆಯ ಸೂಪರ್‌ವೈಸರ್ ಬಾಗಿಲಿಗೆ ಬಂದ. ಚಪ್ಪಲಿ ಬಿಡಲು ಬಗ್ಗಿದವನು ಬೇಗ ಏಳಲಿಲ್ಲ. ಒಳಗೆ ಮಲಗಿದ್ದವನು ಅವನ ಕೈಕೆಳಗೆ ಹದಿನೆಂಟು ವರ್ಷ ಗಾಜು ಪರೀಕ್ಷೆ ಮಾಡಿದವನು. ಕಾರ್ಖಾನೆಯವರಿಗೆಲ್ಲ ಅವನು ಕಿವಿಯಣ್ಣ.

"ಮೂಲೆ ಜೋಪಾನ ಕಣ್ರಪ್ಪಾ," ಎಂದ ಪ್ಯಾಕಿಂಗಿನ ಮುದುಕ. "ಗಟ್ಟಿ ಗಾಜಿನ ಜೀವ ಮೂಲೇಲಿರುತ್ತೆ. ತಾಗಿಸಿದ್ರೆ ಕಿವಿಯಣ್ಣ ಎದ್ದು ಕೂತು ಬೈದಾನು."

ಒಂದಿಬ್ಬರು ನಕ್ಕು, ನಕ್ಕದ್ದಕ್ಕೆ ತಲೆ ತಗ್ಗಿಸಿದರು. ಗೋಡೆಗೊರಗಿದ್ದ ನೆಂಟರೊಬ್ಬರು ಪಕ್ಕದವರಿಗೆ, ಒಳ್ಳೆಯ ಮನುಷ್ಯನೇ, ಆ ಒಂದು ದಿನ ಕಾರ್ಖಾನೆಯ ಒಲೆ ಬಿಟ್ಟು ಮನೆಗೆ ಓಡಿಬರದಿದ್ದರೆ ಕೆಲಸ ಉಳಿಯುತ್ತಿತ್ತು ಎಂದರು. ನೀರು ಕೊಡುತ್ತಿದ್ದ ಕಿವಿಯಣ್ಣನ ಮಗಳ ಕೈ ಅಲ್ಲೇ ನಿಂತಿತು. ಸೂಪರ್‌ವೈಸರ್ ಅದನ್ನು ನೋಡಿದ. ಪೆಟ್ಟಿಗೆ ಎತ್ತುವ ಮೊದಲು ಹೇಳಬೇಕು, ಇಲ್ಲದಿದ್ದರೆ ಇನ್ನು ಹೇಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

*

ಕಾಯಿಸಿ ಗಟ್ಟಿಮಾಡಿದ ಗಾಜಿನೊಳಗೆ ಒಮ್ಮೊಮ್ಮೆ ಕಣ್ಣಿಗೆ ಕಾಣದ ಕಣವೊಂದು ಉಳಿದಿರುತ್ತದೆ. ವರ್ಷಗಟ್ಟಲೆ ಸುಮ್ಮನಿದ್ದು, ಯಾರೂ ಮುಟ್ಟದಿರುವಾಗ ಗಾಜನ್ನು ಸಿಡಿಸುತ್ತದೆ. ಅದಕ್ಕೇ ಹಾಳೆಗಳನ್ನು ಪರೀಕ್ಷೆಯ ಒಲೆಯಲ್ಲಿ ಗಂಟೆಗಟ್ಟಲೆ ಇಡುತ್ತಿದ್ದರು, ಒಡೆಯುವುದು ಅಲ್ಲೇ ಒಡೆಯಲಿ ಎಂದು. ಕಿವಿಯಣ್ಣ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕಿವಿ ಕೊಟ್ಟು ಕೂತಿರುತ್ತಿದ್ದ. ಒಳಗೆ ಢಬ್ ಎಂದರೆ ಅವನ ಮುಖ ಅರಳುತ್ತಿತ್ತು. ಯಾರದೋ ತಲೆ ಉಳಿಯಿತು ಎನ್ನುತ್ತಿದ್ದ. ಪಾಸಾದ ಹಾಳೆಯ ಮೇಲೆ ಬೆರಳಿನ ಗುರುತು ಕಂಡರೆ ಅಂಗಿಯ ಚುಂಗಿನಿಂದ ಒರೆಸಿಯೇ ಕಳಿಸುತ್ತಿದ್ದ.

ಅವನದ್ದೂ ಒಂದು ತಪ್ಪಿತ್ತು. ಕೆಲಸ ಸಲೀಸಾಗಲಿ ಎಂದು ಪಾಸ್ ಚೀಟಿಗಳಿಗೆ ಮೊದಲೇ ಸಹಿ ಹಾಕಿ ಡ್ರಾಯರಿನಲ್ಲಿಡುತ್ತಿದ್ದ.

ಆ ದಿನ ಮಗಳಿಗೆ ಜ್ವರವೆಂದು ಫೋನು ಬಂತು. ಆರು ಗಂಟೆಯವರೆಗೆ ಒಲೆ ಮುಟ್ಟಬೇಡಿ ಎಂದು ಹೇಳಿ ಹೋದ. ಗೇಟಿನಲ್ಲಿ ಲಾರಿ ಹಾರನ್ ಹೊಡೆಯುತ್ತಿತ್ತು. ಸೂಪರ್‌ವೈಸರ್ ಮೂರಕ್ಕೇ ಒಲೆ ಆರಿಸಿ, ಡ್ರಾಯರಿನ ಚೀಟಿ ಅಂಟಿಸಿ ಕಳಿಸಿದ. ವರ್ಷ ತುಂಬುವ ಮೊದಲೇ ಒಂದು ಬಟ್ಟೆ ಅಂಗಡಿಯ ಮೆಟ್ಟಿಲಿನ ಗಾಜು ತಾನಾಗಿ ಸಿಡಿದು ಕೆಲಸದ ಹುಡುಗಿಯ ಒಂದು ಕಣ್ಣು ಹೋಯಿತು.

ವಿಚಾರಣೆಯ ಕೋಣೆಯಲ್ಲಿ ಚೀಟಿ ಮುಂದಿಟ್ಟಾಗ ಕಿವಿಯಣ್ಣ ಒಂದು ಸಲ ಸೂಪರ್‌ವೈಸರಿನ ಮುಖ ನೋಡಿದ. ಸೂಪರ್‌ವೈಸರ್ ನೆಲ ನೋಡಿದ.

"ಸಹಿ ನಂದೇ," ಎಂದ ಕಿವಿಯಣ್ಣ. ಬೇರೇನೂ ಹೇಳಲಿಲ್ಲ.

*

"ನೋಡಮ್ಮಾ," ಎಂದ ಸೂಪರ್‌ವೈಸರ್. ಗಾಜಿನ ಮುಚ್ಚಳದ ಮೇಲೆ ಅಂಗೈ ಊರಿದ್ದ. "ನಿಮ್ಮಪ್ಪ ಒಲೆ ಉರೀತಿರುವಾಗಲೇ ಮನೆಗೆ ಬಂದಿದ್ದು. ಆರಿಸಿದ್ದು ನಾನು."

ಮಗಳು ನೀರಿನ ಲೋಟ ಕೆಳಗಿಟ್ಟಳು.

"ಅಪ್ಪಂಗೆ ಗೊತ್ತಿತ್ತಾ?"

"ನನ್ನ ಮುಖ ನೋಡಿದ. ಗೊತ್ತಾಯ್ತು ಅವನಿಗೆ."

"ಹದಿನಾಲ್ಕು ವರ್ಷ," ಎಂದಳು, ದನಿ ಏರಿಸದೆ. "ಆ ಜ್ವರದಿಂದ್ಲೇ ಕೆಲಸ ಹೋಯ್ತು ಅಂತ, ಮೈ ಕೆಂಡದ ಹಾಗೆ ಸುಡ್ತಿದ್ರೂ ಅಪ್ಪಂಗೆ ಹೇಳ್ತಿರ್ಲಿಲ್ಲ ಮಾವ, ನಾನು."

ಗೋಡೆಗೊರಗಿದ್ದ ನೆಂಟರು ಕೆಮ್ಮಿದರು. ಹೊರಗೆ ಗಾಡಿ ಬಂದ ಸದ್ದಾಯಿತು. ಎತ್ತುವವರು ನಾಲ್ಕು ಮೂಲೆಗೆ ನಿಂತು ಸೂಪರ್‌ವೈಸರಿಗೆ ಜರುಗಲು ಹೇಳಿದರು. ಅವನು ಕೈ ತೆಗೆದ. ತಣ್ಣನೆಯ ಗಾಜಿನ ಮೇಲೆ, ಸರಿಯಾಗಿ ಕಿವಿಯಣ್ಣನ ಮುಖದ ಮೇಲೆ, ಐದು ಬೆರಳೂ ಮೂಡಿದ್ದವು.

"ಒಂದು ನಿಮಿಷ," ಎಂದಳು ಮಗಳು. ಸೆರಗಿನ ಚುಂಗು ಎಳೆದುಕೊಂಡು, ಒಂದೊಂದೇ ಬೆರಳಿನ ಗುರುತನ್ನು ಒರೆಸತೊಡಗಿದಳು.